ಸೇತುವೆಯ ಮೇಲೆ ನಿಲ್ಲಬೇಕಾದ ಹುಡುಗಿ

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ಸತ್ತ ಮಗುವಿನಿಂದ ಶುರುವಾಗಿತ್ತು. ನೀವು ಪುಟ ಮಗುಚಿಬಿಡುತ್ತೀರೆಂದು ಬಿಟ್ಟುಬಿಟ್ಟೆ. ಮರಗಳಿಂದ ಶುರು ಮಾಡುತ್ತೇನೆ.

ಲೀವನ್ ನಾನೂರು ವರ್ಷದ ಹಿಂದಿನ ಫ್ಲೆಮಿಶ್ ಚಿತ್ರಕಾರ. ಮರ, ಹೊಳೆ, ದೂರದ ನೀಲಿ ಗುಡ್ಡ, ಎಲ್ಲ ಚೆನ್ನಾಗಿ ಬರೆಯುತ್ತಿದ್ದ. ಮನುಷ್ಯರು ಮಾತ್ರ ಬರುತ್ತಿರಲಿಲ್ಲ. ಅವರಿಗೆ ಜಾಗ ಬಿಟ್ಟು, ಚಿತ್ರದ ಹಲಗೆಯನ್ನು ಪಕ್ಕದೂರಿನ ಯೋಸ್‌ಗೆ ಕಳಿಸುತ್ತಿದ್ದ. ಜನರನ್ನು ಯೋಸ್ ತುಂಬುತ್ತಿದ್ದ. ಆಗಿನ ಪದ್ಧತಿಯೇ ಹಾಗೆ. (ಸಾರು ನಾನು ಕುದಿಸಿ, ಒಗ್ಗರಣೆ ಗಂಡನಿಗೆ ಬಿಟ್ಟ ಹಾಗೆ. ಹೋಲಿಕೆ ಚೆನ್ನಾಗಿಲ್ಲ, ಆಮೇಲೆ ತೆಗೆಯುತ್ತೇನೆ.)

೨

ಲೀವನ್‌ನ ಆರು ವರ್ಷದ ಮಗಳು ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅವಳ ಒಂದೂ ಚಿತ್ರವಿರಲಿಲ್ಲ. ಲೀವನ್ ಹೊಸ ಹಲಗೆಯಲ್ಲಿ ಸೇತುವೆಯ ಮೇಲೆ ಜಾಗ ಬಿಟ್ಟು, "ಇಲ್ಲಿ ನನ್ನ ಮಗಳು" ಎಂದು ಹೇಳಿ ಯೋಸ್‌ಗೆ ಕಳಿಸಿದ.

ಹಲಗೆ ವಾಪಸ್ ಬಂದಾಗ ಲೀವನ್‌ನ ಹೆಂಡತಿ ಕತರೀನಾ ಅದಕ್ಕೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದಳು. ಸೇತುವೆಯ ಮೇಲೆ ಮೀನು ಮಾರುವವನು. ಕೆಂಪು ಟೋಪಿ, ಜೊತೆಗೊಂದು ನಾಯಿ.

ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಿದಳು. (ಮೀನಿನವನು ಬರುತ್ತಾನೆಂದು ನನಗೂ ಗೊತ್ತಿರಲಿಲ್ಲ.)

೩

ಕೆಳಗಿನ ಲಾಂಡ್ರಿ ರೂಮಿಂದ ಬಟ್ಟೆ ಹೊತ್ತು ಬಂದರೆ, ನಾನಿರುವ ಲುಂಡ್ ಊರಿನ ನನ್ನ ಅಡುಗೆಮನೆಯಲ್ಲಿ ಕತರೀನಾ ನಿಂತಿದ್ದಾಳೆ.

"ಆ ಮೀನಿನವನ್ನ ತೆಗೀರಿ."

"ತೆಗೀತೀನಿ ಕಣ್ರೀ. ಎರಡು ಎಂಡಿಂಗ್ ಇದೆ. ಒಂದು, ಲೀವನ್ನೇ ಮಗಳನ್ನ ಬರೀತಾರೆ."

"ಅವರಾ? ಪೊದೆಗೆ ಫ್ರಾಕ್ ಹಾಕಿದ ಹಾಗಿರತ್ತೆ."

"ಇನ್ನೊಂದು, ಯೋಸ್ ತಿದ್ದಿ ಕೊಡ್ತಾನೆ."

"ಅವನು ಅವಳನ್ನ ನೋಡೇ ಇಲ್ಲ. ನೀವು ನೋಡಿದೀರಾ? 'ಆರು ವರ್ಷದ ಮಗಳು' ಅಂತ ಬರೆದು ಬಟ್ಟೆ ತರೋಕೆ ಹೋದ್ರಿ. ಅವಳ ಮೂಗು ಹೇಗಿತ್ತು, ಹೇಳಿ ನೋಡೋಣ."

೪

ಬರೆದೆ. ಪುಟ್ಟ ಮೂಗು, ತುದಿ ಸ್ವಲ್ಪ ಮೇಲಕ್ಕೆ. ಕೆನ್ನೆಯ ಮೇಲೆ ಉಗುರಿನ ಗೀರು. ಅಲ್ಲಾಡುವ ಮುಂದಿನ ಹಲ್ಲನ್ನು ನಾಲಗೆಯಿಂದ ತಳ್ಳುತ್ತಿದ್ದಾಳೆ.

"ಇವಳೇ!" ಕತರೀನಾ ಬಾಯಿಗೆ ಕೈ ಒತ್ತಿಕೊಂಡಳು.

ಇವಳಲ್ಲ. ಇದು ನನ್ನ ಪಾವನಾ. ಬೆಳಿಗ್ಗೆ ಸ್ಕೂಲಿಗೆ ಬಿಡುವಾಗ ನೋಡಿದ ಹಲ್ಲು. ಸತ್ತ ಮಗುವಿಗೆ ಬದುಕಿರುವ ಮಗಳ ಮುಖ ಕೊಟ್ಟಿದ್ದೆ! ಎಲ್ಲ ಅಳಿಸಿದೆ.

(ಈಗ ಹೊಳೆಯಿತು. ಯೋಸ್‌ಗೂ ಮನೆಯಲ್ಲೊಬ್ಬಳು ಮಗಳಿದ್ದಳು. ನೋಡಿ ಬರೆಯಲು ಅವಳನ್ನು ಬಿಟ್ಟರೆ ಯಾರಿದ್ದರು? ಅದಕ್ಕೇ ಮೀನಿನವನು.)

೫

"ಅಳಿಸಿಬಿಟ್ರಾ," ಅಂದಳು. ಸಿಟ್ಟಿರಲಿಲ್ಲ.

"ಅವಳನ್ನ ಕೊಡೋಕಾಗಲ್ಲ, ಕತರೀನಾ."

"ಕೊಡಬೇಡಿ. ಸ್ಕೂಲ್ ಬಿಡೋ ಹೊತ್ತಾಯ್ತಲ್ಲ, ನಾನೂ ಬರ್ತೀನಿ. ದೂರದಿಂದ ನೋಡ್ತೀನಿ, ಅಷ್ಟೆ."

ಸೈಕಲ್ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಅವಳು ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದಾಳೆ. ಬೇಡ ಎಂದು ನಾನಿನ್ನೂ ಬರೆದಿಲ್ಲ. ಬನ್ನಿ ಎಂದೂ.