ನಾದಿನಿಯ ಮೇಲಿನ ವಿಶ್ವಾಸ

ಎಲ್ಲದಕ್ಕೂ ಒಂದು ಕಾರಣ ಇರಲೇಬೇಕು ಅಂದರೆ ದೇವರಿಗೆ ಮಾತ್ರ ಯಾಕೆ ಬೇಡ? ಬೇರೆಯವರು ಕೇಳಿದಾಗಲೆಲ್ಲ ಇನ್ನಾಸ್ ನಗುತ್ತಲೇ ಉತ್ತರಿಸಿದ್ದ ಪ್ರಶ್ನೆ ಅದು. ಈಗ ತನ್ನನ್ನೇ ಕೇಳಿಕೊಂಡರೆ ಒಳಗಿನಿಂದ ಸದ್ದೇ ಇಲ್ಲ. ತಾನೇ ನಡೆಸುವ ಬೈಬಲ್ ಅಧ್ಯಯನ ಇವತ್ತು ಮುಗಿಯುತ್ತಲೇ ಹೇಳಿಬಿಡಬೇಕು: ನನಗೇ ವಿಶ್ವಾಸ ಉಳಿದಿಲ್ಲ, ಮುಂದಿನ ಭಾನುವಾರದಿಂದ ಬೇರೆ ಯಾರಾದರೂ ನಡೆಸಿ.

ಕಾಡುಗೋಡಿಯ ಅವನ ಬಾಡಿಗೆ ಮನೆಯ ತಾರಸಿಯಲ್ಲಿ, ಶೀಟಿನ ನೆರಳಿಗೆ, ಚರ್ಚಿನಿಂದ ನೇರ ಬಂದ ಏಳೆಂಟು ಮಂದಿ ಕೂತಿದ್ದರು. ಮನೆ ಓನರ್ ಸೊಣ್ಣಮ್ಮ, ಊರಿನ ಹಳೇ ಒಕ್ಕಲಿನವರು, ನೆನೆಸಿದ ಅವರೆಕಾಳಿನ ಬೇಸಿನ್ ತಂದು ನಡುವೆ ಇಟ್ಟರು.

"ಬಾಯಿಗೆ ಕೆಲ್ಸ ಐತೆ, ಕೈ ಸುಮ್ಕೆ ಅವಲ್ಲ. ಇದುಕ್ರಪ್ಪ."

ಎಲ್ಲರೂ ಸಿಪ್ಪೆ ಹಿತುಕತೊಡಗಿದರು. ಇನ್ನಾಸನ ಆಫೀಸಿನ ಗೆಳೆಯ ಈರೇಶ್, ವಾದ ಮಾಡುವುದಕ್ಕೆಂದೇ ವಾರವಾರ ತಪ್ಪದೆ ಬರುವವನು, ಮೊದಲ ಕಾಳನ್ನೇ ಎದುರಿಗೆ ಕೂತಿದ್ದ ಶಾಂತಿಯ ಕನ್ನಡಕಕ್ಕೆ ಸಿಡಿಸಿದ.

"ಸಾರಿ ಕಣಮ್ಮ," ಎಂದವನು ಇನ್ನಾಸನತ್ತ ತಿರುಗಿದ. "ಗುರು, ಎಲ್ಲದಕ್ಕೂ ಕಾರಣ ಬೇಕು ಅಂತೀಯಲ್ಲ, ನಿಮ್ಮ ದೇವರಿಗೆ ಯಾರು ಕಾರಣ?"

ಇನ್ನಾಸನ ಬೆರಳು ನಿಂತವು. "ಶುರು ಆಗಿದ್ದಕ್ಕೆ ಕಾರಣ ಬೇಕು. ಶುರುವೇ ಇಲ್ಲದವನಿಗೆ ಬೇಡ." ಉತ್ತರ ಸರಿಯಾಗಿಯೇ ಇತ್ತು. ಆದರೆ ಅವನಿಗೇ ಬಾಯಿಪಾಠದಂತೆ ಕೇಳಿಸಿತು.

"ಏನವ್ವ ಅದು?" ಸೊಣ್ಣಮ್ಮ ಶಾಂತಿಯನ್ನು ಕೇಳಿದರು.

"ದೇವರು ಇದಾನೋ ಇಲ್ವೋ ಅಂತ ವಾದ ಅಜ್ಜಿ. ಇದಾನೆ ಅಂತ ಒಪ್ಕೊಂಡ್ರೆ ಅದೇ ವಿಶ್ವಾಸ."

"ಇರಾದು ಬ್ಯಾರೆ, ಇಶ್ವಾಸ ಬ್ಯಾರೆ ಕಣವ್ವ. ನಮ್ ನಾದ್ನಿ ಮ್ಯಾಲೆ ನಂಗೆ ಇಶ್ವಾಸ ಇಲ್ಲ, ಮಾತು ಬಿಟ್ಟಿವ್ನಿ. ಅಂಗಂತ ಅವಳು ಇಲ್ವಾ? ಹೊಸಕೋಟೆಲಿ ರುಬ್ಬೋಕಲ್ಲಂಗೆ ಕುಂತವ್ಳೆ!"

ನಗು ತಡೆಯಲಾರದೆ ಶಾಂತಿ ಮಡಿಲಿನ ಸಿಪ್ಪೆಯನ್ನೆಲ್ಲ ಚೆಲ್ಲಿದಳು. ಈರೇಶ್ ಎರಡೂ ಕೈ ಮುಗಿದ. "ಸೋತೆ ಅಜ್ಜಿ. ರುಬ್ಬೋಕಲ್ಲಿನ ಮುಂದೆ ವಾದ ನಡೆಯಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವನು ಇನ್ನಾಸ್. ನಗು ಇಳಿದ ಮೇಲೆ ಒಂದು ಮಾತು ಉಳಿಯಿತು: ಮಾತು ಬಿಟ್ಟಿವ್ನಿ. ಎಷ್ಟೋ ವಾರಗಳಿಂದ ಅವನು ದೇವರ ಬಗ್ಗೆ ಓದಿದ್ದ, ವಾದ ಹೊಂದಿಸಿದ್ದ. ದೇವರೊಡನೆ ಒಂದು ಮಾತೂ ಆಡಿರಲಿಲ್ಲ.

ಅವನು ಬೈಬಲಿನಲ್ಲಿ ಯಕೋಬನ ಪತ್ರ ತೆಗೆದ. "ದೇವರಿದ್ದಾನೆ ಅಂತ ದೆವ್ವಗಳಿಗೂ ಗೊತ್ತು, ಗೊತ್ತಿದ್ದೇ ನಡುಗ್ತವೆ ಅಂತಾನೆ ಯಕೋಬ. ಗೊತ್ತಿರೋದು ಅರ್ಧ ಅಷ್ಟೇ. ಇನ್ನರ್ಧ ಅಜ್ಜಿ ಹೇಳಿದ್ರು. ಪ್ರಾರ್ಥನೆ ಮಾಡೋಣ."

ಎಲ್ಲರೂ ಕಣ್ಣು ಮುಚ್ಚಿದರು.

"ಅಪ್ಪಾ," ಎಂದ ಇನ್ನಾಸ್, "ಮಾತಾಡಿ ತುಂಬಾ ದಿನ ಆಯ್ತು."

ಮುಂದೆ ಏನೂ ತೋಚಲಿಲ್ಲ. ಒಳಗೆ ಮೌನವೇ ಇತ್ತು, ಆದರೆ ಆಚೆ ಯಾರೋ ಕೇಳಿಸಿಕೊಳ್ಳುತ್ತಿರುವಂಥ ಮೌನ.

ಆಗಲೇ ಕೆಳಗಿಳಿದಿದ್ದ ಸೊಣ್ಣಮ್ಮ ಹೊಸಕೋಟೆಗೆ ಫೋನು ಮಾಡಿ ಕೂಗುತ್ತಿದ್ದುದು ಮೇಲಿನವರೆಗೂ ಕೇಳಿಸಿತು: "ಏನೇ, ಇದುಕಿದ ಬೇಳೆ ಸಾರು ಮಾಡ್ತಾವ್ನಿ. ಬತ್ತೀಯೋ ಇಲ್ವೋ?"

ಈರೇಶನ ನಗು ಪ್ರಾರ್ಥನೆಯನ್ನು ಮುಗಿಸಿತು. ಮಧ್ಯಾಹ್ನ ಎಲ್ಲರೂ ಅಲ್ಲೇ ಉಂಡರು. ಮುಂದಿನ ಭಾನುವಾರದಿಂದ ಬೇರೆ ಯಾರಾದರೂ ನಡೆಸಿ ಎಂಬ ಮಾತನ್ನು ಇನ್ನಾಸ್ ಹೇಳಲೇ ಇಲ್ಲ.