ಏಳನೇ ಚಿತ್ರದ ಜಾಗದಲ್ಲಿ ಎರಡು ಮೊಳೆ

ಪೇಪರ್ ಓದ್ತಾ ಇದ್ದ ಬಾಯಿಬಡುಕಿ ಬಾಯಲ್ಲಿದ್ದ ಟೀನ ಗರಗಸದ ಮೇಲೆ ಉಗಿದಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದ್ರೆ ಮಾವನ ಫ್ರೇಮ್ ಅಂಗಡಿಗೆ ಕೆಲಸಕ್ಕೆ ಸೇರಿದ ವಾರಕ್ಕೇ ಈ ಅಡ್ಡಹೆಸರು ಖಾಯಂ ಆಗ್ಹೋಯ್ತು.

ಮೊನ್ನೆ ಗ್ಯಾಲರಿಯಲ್ಲಿ ಶುರುವಾದ ಪ್ರದರ್ಶನದ ಬಗ್ಗೆ ದೊಡ್ಡ ವಿಮರ್ಶಕರು ಅರ್ಧ ಪುಟ ತುಂಬಿಸಿದ್ರು. 'ಏಳನೇ ಚಿತ್ರದ ಮುಂದೆ ನಿಂತಾಗ ನನ್ನ ಕಣ್ಣು ತುಂಬಿ ಬಂತು' ಅಂತೆ.

ಏಳನೇ ಚಿತ್ರ ಇವಳ ಕಣ್ಣೆದುರಿಗೇ ಮೇಜಿನ ಮೇಲೆ ಅಂಗಾತ ಮಲಗಿತ್ತು. ಸಾಗಿಸುವಾಗ ಬಿದ್ದು ಗಾಜೂ ಫ್ರೇಮೂ ಮುರಿದು, ಉದ್ಘಾಟನೆಗೆ ಮುಂಚೆನೇ ವಾಪಸ್ ಬಂದಿತ್ತು. ಗೋಡೆ ಮೇಲೆ ಅದರ ಜಾಗದಲ್ಲಿ ಉಳಿದಿದ್ದು ಎರಡು ಮೊಳೆ. ವಿಮರ್ಶಕರು ಕ್ಯಾಟಲಾಗ್ ತಿರುವಿ ಹಾಕ್ಕೊಂಡು ಮನೇಲೇ ಕೂತು ಅತ್ತಿದ್ರು.

ಉದ್ಘಾಟನೆ ದಿನ ಆ ಖಾಲಿ ಜಾಗದ್ದು ತೆಗೆದಿದ್ದ ಫೋಟೋ ಫೋನಲ್ಲಿತ್ತು. ತನ್ನ ಬ್ಲಾಗಿಗೆ ಹಾಕಿ, ಕೆಳಗೆ ಒಂದೇ ಸಾಲು ಬರೆದಳು: 'ಸಾರ್, ನೀವು ಅತ್ತಿದ್ದು ಈ ಮೊಳೆಗಳ ಮುಂದೆ. ನೀರು ಬಿದ್ದು ತುಕ್ಕು ಹಿಡಿದೀತು, ಸ್ವಲ್ಪ ಹುಷಾರು.'

ಮಧ್ಯಾಹ್ನದ ಹೊತ್ತಿಗೆ ಅದು ಊರೆಲ್ಲ ಸುತ್ತಿತ್ತು. ಮೂರು ಗಂಟೆಗೆ ಗ್ಯಾಲರಿ ಮೇಡಂ ಮಾವನಿಗೆ ಫೋನ್ ಮಾಡಿ, ಸಂಜೆಯೊಳಗೆ ಅದು ಅಳಿಸಿರಬೇಕು, ಇಲ್ಲಾಂದ್ರೆ ಇನ್ನು ಮುಂದೆ ಫ್ರೇಮಿಗೆ ಬೇರೆಯವರನ್ನ ನೋಡ್ಕೋತೀವಿ ಅಂದ್ರು.

"ಅಳಿಸಮ್ಮ," ಅಂದ ಮಾವ.

"ಆಗಲ್ಲ ಮಾವ."

"ನಮ್ಮ ಹತ್ರ ಬರೋ ಹತ್ತು ಚಿತ್ರದಲ್ಲಿ ಒಂಬತ್ತು ಅವರ್ದು. ಅದೂ ಹೋದ್ರೆ ಮದುವೆ ಫೋಟೋಗಳಿಗೆ ಕಟ್ಟು ಹಾಕ್ಕೊಂಡು ಕೂರಬೇಕು."

"ಕೂರೋಣ. ಅಲ್ಲಿ ಗಂಡು ಹೆಣ್ಣು ಇಬ್ಬರೂ ಫೋಟೋದಲ್ಲಿ ಇರ್ತಾರಲ್ಲ, ಅಷ್ಟು ಸಾಕು."

"ಡೈಲಾಗ್ ಹೊಡೀಬೇಡ."

"ಸುಳ್ಳು ಬರೆದಿದ್ರೆ ಈಗಲೇ ಅಳಿಸ್ತೀನಿ, ಆ ಮೇಡಂ ಕಾಲಿಗೂ ಬೀಳ್ತೀನಿ. ನಿಜ ಬರೆದು ಅಳಿಸಿದ್ರೆ, ನನ್ನ ಪಿಕ್ಚರಿಗೆ ಅದು ಇಂಟರ್ವಲ್ ಅಲ್ಲ ಮಾವ. ಶುಭಂ."

ಮಾವ ಹಣೆ ಚಚ್ಚಿಕೊಂಡ. "ಅಷ್ಟಕ್ಕೂ ಆ ಮನುಷ್ಯ ಬರೆದಿರೋದೇನು, ಕೊಡಿಲ್ಲಿ."

ಕನ್ನಡಕ ಏರಿಸಿ, ಒಂದೊಂದು ಪದಾನೂ ಟೇಪ್ ಹಿಡಿದು ಅಳೆಯೋ ಹಾಗೆ ಓದಿದ. ಹೊಗಳಿಕೆಗೆಲ್ಲ ತಲೆ ಆಡಿಸಿದ. ಕೊನೇ ಪ್ಯಾರಾದಲ್ಲಿ ಬೆರಳು ನಿಂತಿತು.

"'ಆದರೆ ಫ್ರೇಮಿನ ಮೂಲೆಗಳು ಸರಿಯಾಗಿ ಕೂಡಿಲ್ಲ. ಅವಸರದ ಕೆಲಸ.' ಇದು ಯಾವ ಚಿತ್ರದ್ದು?"

ಬಾಯಿಬಡುಕಿ ಅಲ್ಲಿವರೆಗೂ ಓದೇ ಇರಲಿಲ್ಲ. ಬಗ್ಗಿ ನೋಡಿದಳು. "ಏಳನೇದು ಮಾವ. ಹೊಗಳಿ ಹೊಗಳಿ ಸಾಕಾಗಿ, ಒಂದು ಕೊಂಕಾದ್ರೂ ಇರಲಿ ಅಂತ ಹಾಕಿರಬೇಕು."

ಮಾವ ಮೇಜಿನ ಕಡೆ ನೋಡಿದ. ಹೊಸ ಫ್ರೇಮಿಗೆ ಮರದ ಮೂರು ಪಟ್ಟಿ ಕೊಯ್ದಾಗಿತ್ತು. ನಾಲ್ಕನೇದು ಇನ್ನೂ ಉದ್ದಕ್ಕೆ ಗೋಡೆಗೆ ಒರಗಿ ನಿಂತಿತ್ತು. ಮೂವತ್ತು ವರ್ಷದಿಂದ ಪ್ರತಿ ಮೂಲೆಗೂ ಬ್ಲೇಡ್ ಹಿಡಿದು, ಅದು ಸಂದೀಲಿ ತೂರಿದ್ರೆ ಬಿಚ್ಚಿ ಮತ್ತೆ ಮಾಡೋ ಮನುಷ್ಯ ಅವನು.

"ಇನ್ನೂ ಹುಟ್ಟದೇ ಇರೋ ಮೂಲೆನ ಕೂಡಿಲ್ಲ ಅಂತಾನಲ್ಲ," ಅಂದ. ದನಿ ಏರಲಿಲ್ಲ.

ಫೋನ್ ಬಡ್ಕೊಂಡಿತು. ಮಾವ ಸ್ಪೀಕರಿಗೆ ಹಾಕಿದ.

"ಅಳಿಸಿದ್ಲಾ?" ಮೇಡಂ ದನಿ.

"ಇಲ್ಲ ಮೇಡಂ. ಅವಳು ಇನ್ನೂ ಬರೆದು ಮುಗಿಸಿಲ್ಲ."

"ಅಂದ್ರೆ ನಮ್ಮ ಕೆಲಸ ಬೇಡ ನಿಮಗೆ."

"ಬೇಕು ಮೇಡಂ, ಯಾಕೆ ಬೇಡ. ಒಪ್ಪಿಕೊಂಡಿದ್ದೀನಿ, ಈ ಚಿತ್ರ ಮುಗಿಸೇ ಕೊಡ್ತೀನಿ. ಮುಂದೆ ಕೊಡೋದು ಬಿಡೋದು ನಿಮ್ಮಿಷ್ಟ. ಆದ್ರೆ ಆ ವಿಮರ್ಶಕರನ್ನೊಂದು ಸಲ ಇಲ್ಲಿಗೆ ಕಳಿಸಿ. ಬ್ಲೇಡ್ ನಾನೇ ಕೊಡ್ತೀನಿ. ನನ್ನ ಯಾವ ಮೂಲೆಲಾದ್ರೂ ತೂರಿಸಿ ತೋರಿಸಲಿ."

ಆ ಕಡೆ ಲೈನ್ ಕಟ್ಟಾಯ್ತು.

ಮಾವ ಚಿತ್ರದ ಸುತ್ತ ಮೂರು ಪಟ್ಟಿಗಳನ್ನ ಜೋಡಿಸಿಟ್ಟ. "ತೆಗಿ ಫೋಟೋ. ಖಾಲಿ ಇರೋ ಕಡೆ ಚೆನ್ನಾಗಿ ಕಾಣಲಿ."

"ಕೆಳಗೆ ಏನಂತ ಬರೀಲಿ ಮಾವ?"

"ನನ್ನ ಹೆಸರು ಬರಿ. ಅಂಗಡಿ ಅಡ್ರೆಸ್ ಬರಿ. ಬಾಗಿಲು ಎಷ್ಟೊತ್ತಿಗೆ ತೆಗಿತೀವಿ ಅನ್ನೋದನ್ನೂ ಹಾಕು."