ದುರಸ್ತಿಯಾದ ಮೇಲೆ

ಶಾಲೆ ಮುಚ್ಚುತ್ತಾರಂತೆ ಎಂಬ ಮಾತು ಹಲವು ವರ್ಷಗಳಿಂದ ಓಡಾಡುತ್ತಿತ್ತು. ಕೇಳಿ ಕೇಳಿ ಕಿವಿಗೆ ಹಳತಾಗಿದ್ದರಿಂದ ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಈ ಸಲ ಅದು ನಿಜವೆಂದು ಮುಖ್ಯೋಪಾಧ್ಯಾಯಿನಿಗೆ ತಿಳಿಸಿದವಳು ಅವಳ ಒಡಹುಟ್ಟಿದ ತಂಗಿ. ತಂಗಿ ಜಿಲ್ಲಾ ಮಂಡಳಿಯ ಹಣಕಾಸು ವಿಭಾಗದಲ್ಲಿ ಅಧಿಕಾರಿ. ಮಂಡಳಿಯ ಮುಂದಿನ ಹತ್ತು ವರ್ಷಗಳ ಆಯವ್ಯಯ ಯೋಜನೆಯನ್ನು ಬರೆಯುತ್ತಿದ್ದವಳೂ ಅವಳೇ.

ಅಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ತಂಗಿ ಶಾಲೆಗೇ ಬಂದಳು. ಇಬ್ಬರೂ ಜಗಲಿಯ ಬೆಂಚಿನ ಮೇಲೆ ಕೂತರು.

"ನಿನ್ನ ಶಾಲೆ ಮುಚ್ಚೋದು ಯೋಜನೆಯ ಆರನೇ ವರ್ಷಕ್ಕೆ ಬರುತ್ತೆ, ಅಕ್ಕ."

"ಆರು ವರ್ಷ ಇದ್ಯಾ? ಹಾಗಾದ್ರೆ ಈಗ ಸೇರಿರೋ ಚಿಳ್ಳೆಪಿಳ್ಳೆಗಳೂ ಇಲ್ಲೇ ಓದಿ ಮುಗಿಸ್ತವೆ ಬಿಡು."

"ಕಟ್ಟಡ ಅಲ್ಲೀತನಕ ನಿಂತ್ರೆ ತಾನೇ? ಸೂರೆಲ್ಲ ಸೋರುತ್ತೆ ಅಂತ ವರದಿ ಬಂದಿದೆ. ಒಂದು ಹೆಂಚು ಜಾರಿ ಬಿದ್ರೂ ಸಾಕು, ಮಕ್ಕಳಿಗೆ ಅಪಾಯ ಅಂತ ನಾಳೇನೇ ಬೀಗ ಜಡೀತಾರೆ."

"ರಿಪೇರಿ ಮಾಡಿಸಿ ಅಂತ ಎಷ್ಟು ಸಲ ಬರೆದಿಲ್ಲ ನಾನು!"

"ಮುಚ್ಚೋ ಶಾಲೆಗೆ ಯಾರಕ್ಕ ದುಡ್ಡು ಸುರೀತಾರೆ?"

ಅಕ್ಕ ಸೂರಿನ ಕಡೆ ನೋಡಿ ಕೇಳಿದಳು: "ನಾವೇ ಮಾಡಿಕೊಂಡ್ರೆ?"

ತಂಗಿ ಯೋಚಿಸಿದಳು. "ಮಾಡಿಕೊಂಡ್ರೆ ಒಳ್ಳೇದೇ. ಬೇಗ ಮುಚ್ಚೋಕೆ ಅವರಿಗೆ ನೆಪ ಸಿಗಲ್ಲ."

ಅದನ್ನು ಅವಳು ಮನಸಾರೆ ನಂಬಿಯೇ ಹೇಳಿದ್ದಳು.

ಬೇಸಿಗೆ ರಜೆ ಶುರುವಾಗುತ್ತಲೇ ಕೆಲಸ ಹಿಡಿದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಗಾರೆ ಮೇಸ್ತ್ರಿ. ತನ್ನ ಆಳುಗಳನ್ನೇ ಕರೆತಂದು, ಹಗಲೆಲ್ಲ ಬೇರೆ ಕಡೆ ದುಡಿದು, ಸಂಜೆ ಇಲ್ಲಿ ಸೂರಿಗೆ ಹತ್ತುತ್ತಿದ್ದ. ಹುಳು ಹಿಡಿದ ಜಂತಿಗಳನ್ನು ಇಳಿಸಿ ಹೊಸವನ್ನು ಕೂರಿಸಿದ. ಬಿರುಕುಗಳನ್ನು ಕೆತ್ತಿ ಸಿಮೆಂಟು ತುಂಬಿದ. ತಾಯಂದಿರು ಬಕೆಟ್ಟಿನಲ್ಲಿ ನೀರು ಹೊತ್ತರು. ಬಸ್ ಡ್ರೈವರೊಬ್ಬ ಸುಣ್ಣ ಬಳಿಯಲು ನಿಂತು ತಲೆಯಿಂದ ಕಾಲಿನವರೆಗೆ ಬೆಳ್ಳಗಾದ. "ಅಣ್ಣಾ, ಗೋಡೆಗೂ ಒಂಚೂರು ಉಳಿಸು!" ಎಂದು ಮೇಸ್ತ್ರಿ ಮೇಲಿನಿಂದ ಕೂಗಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿಯೂ ಹಳೇ ಬಟ್ಟೆ ತೊಟ್ಟು ಬಂದು ಕರಿಹಲಗೆಗಳಿಗೆ ಬಣ್ಣ ಹಚ್ಚಿದಳು. ಅಕ್ಕ ಕಿಟಕಿ ಸರಳುಗಳನ್ನು ಒಂದೊಂದಾಗಿ ಉಜ್ಜಿ ತುಕ್ಕು ತೆಗೆದಳು. ವಾರಗಟ್ಟಲೆ ಅವಳ ಉಗುರಿನ ಸಂದಿಯಿಂದ ಆ ಕೆಂಪು ಹೋಗಲಿಲ್ಲ.

ಶಾಲೆ ತೆರೆದ ಮೇಲೆ ಮಳೆ ಬಂತು. ಒಂದು ಹನಿಯೂ ಒಳಗೆ ಬೀಳಲಿಲ್ಲ.

ಅದಾದ ಕೆಲವು ವಾರಕ್ಕೆ ಮಂಡಳಿಯ ಎಂಜಿನಿಯರ್ ಬಂದ. ಯೋಜನೆಗಾಗಿ ಮಂಡಳಿಯ ಆಸ್ತಿಯನ್ನೆಲ್ಲ ಮತ್ತೊಮ್ಮೆ ನೋಡಿಕೊಂಡು ಬರುವ ಕೆಲಸ ಅವನದು. ಗೋಡೆಗಳನ್ನು ತಟ್ಟಿದ, ಏಣಿ ಹಾಕಿಸಿ ಜಂತಿಗಳನ್ನು ಮುಟ್ಟಿ ನೋಡಿದ, ಮುಖ್ಯರಸ್ತೆ ಎಷ್ಟು ದೂರ ಎಂದು ಕೇಳಿದ.

"ಇಷ್ಟು ಗಟ್ಟಿಮುಟ್ಟಾದ ಕಟ್ಟಡ ನಮ್ಮ ಮಂಡಳೀಲಿ ಇನ್ನೊಂದಿಲ್ಲ ಮೇಡಂ," ಎಂದ.

ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಅವನಿಗೆ ಚಹಾ ತರಿಸಿದಳು. ಮೇಸ್ತ್ರಿಗೂ ಆ ಮಾತು ಹೇಳಿ ಕಳಿಸಿದಳು.

ಆ ಮೆಚ್ಚುಗೆಯ ಅರ್ಥ ಮೊದಲು ಗೊತ್ತಾದದ್ದು ತಂಗಿಗೆ. ಮಂಡಳಿಯ ತೆರಿಗೆ ಕಚೇರಿ ಎಷ್ಟೋ ಕಾಲದಿಂದ ಬಾಡಿಗೆ ಕಟ್ಟಡದಲ್ಲಿತ್ತು. ಬಾಡಿಗೆ ಕಟ್ಟಡಗಳನ್ನೆಲ್ಲ ಬಿಟ್ಟುಬಿಡಬೇಕು ಎಂಬುದು ಯೋಜನೆಯ ಮುಖ್ಯ ಅಂಶ. ಸೋರುವ ಶಾಲೆ ಯಾರಿಗೂ ಬೇಕಿರಲಿಲ್ಲ, ಹಾಗಾಗಿ ಅದು ಆರನೇ ವರ್ಷದವರೆಗೆ ಬಿದ್ದಿರಬಹುದಿತ್ತು. ಮುಖ್ಯರಸ್ತೆಗೆ ಹತ್ತಿರವಿರುವ, ರಿಪೇರಿ ಬೇಡದ ಕಟ್ಟಡ ಇವತ್ತೇ ಬೇಕಾಗಿತ್ತು. ಮಂಡಳಿಯ ಅಧ್ಯಕ್ಷರು ಶಾಲೆ ಮುಚ್ಚುವುದನ್ನು ಮೊದಲ ವರ್ಷಕ್ಕೆ ತರಲು ಹೇಳಿದರು.

"ಸಾರ್, ಆ ಸೂರು ಹಾಕಿದ್ದು ಮಕ್ಕಳ ಅಪ್ಪ ಅಮ್ಮಂದಿರು," ಎಂದಳು ತಂಗಿ.

"ಗೊತ್ತಮ್ಮ. ಒಳ್ಳೇ ಜನ." ಅಧ್ಯಕ್ಷರು ಕೆಟ್ಟವರಲ್ಲ, ವ್ಯಂಗ್ಯಕ್ಕೆ ಹೇಳಿದ್ದೂ ಅಲ್ಲ. "ಆದ್ರೆ ಆ ಬಾಡಿಗೆ ಉಳಿದ್ರೆ ಬೇರೆ ಶಾಲೆಗಳಿಗೆ ಶೌಚಾಲಯ ಕಟ್ಟಬಹುದು ಅಂತ ಲೆಕ್ಕ ತೋರಿಸಿದ್ದು ನೀನೇ ಅಲ್ವಾ? ಆ ಲೆಕ್ಕ ತಪ್ಪಾ?"

ತಪ್ಪಾಗಿರಲಿಲ್ಲ. ಅವಳು ಶಾಲೆಯ ಹೆಸರನ್ನು ಮೊದಲ ವರ್ಷಕ್ಕೆ ಬರೆದುಕೊಂಡಳು. ರಾತ್ರಿ ಅಕ್ಕನಿಗೆ ಫೋನು ಮಾಡಿ ಹೇಳಿದಳು. "ಊಟ ಆಯ್ತಾ?" ಎಂದಷ್ಟೇ ಕೇಳಿ ಅಕ್ಕ ಫೋನಿಟ್ಟಳು.

ಮಂಡಳಿಯ ಸಭೆಗೆ ಊರವರಿಗೂ ಪ್ರವೇಶವಿತ್ತು. ಮೇಸ್ತ್ರಿ ಕೆಲಸದ ಬಟ್ಟೆಯಲ್ಲೇ ಬಂದು ಹಿಂದೆ ನಿಂತಿದ್ದ. ಮಾತಾಡಲು ಕರೆದಾಗ ಮುಂದೆ ಬಂದ.

"ಒಂದೇ ಒಂದು ಮಾತು ಕೇಳ್ತೀನಿ. ನಾವು ಸೂರು ಹಾಕದೇ ಇದ್ದಿದ್ರೆ ಶಾಲೆ ಇರ್ತಿತ್ತಾ?"

ಅಧ್ಯಕ್ಷರು ತಂಗಿಯ ಕಡೆ ತಿರುಗಿದರು. ಉತ್ತರ ಕೊಡಬೇಕಾದವಳು ಅವಳೇ. ಮೂರನೇ ಸಾಲಿನಲ್ಲಿ ಅಕ್ಕ ಕೂತಿದ್ದಳು.

"ಇರ್ತಿತ್ತು," ಎಂದಳು ತಂಗಿ. ಮೈಕಿನಲ್ಲಿ ಅದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. "ಇನ್ನೂ ಕೆಲವು ವರ್ಷ ಇರ್ತಿತ್ತು."

ಮೇಸ್ತ್ರಿ ತಲೆಯಾಡಿಸಿದ. ಮುಂದೇನು ಮಾಡಬೇಕೆಂದು ತೋಚದೆ, "ಆಯ್ತು, ಥ್ಯಾಂಕ್ಸ್," ಎಂದು ಹೇಳಿ ಮತ್ತೆ ಹಿಂದೆ ಹೋಗಿ ನಿಂತುಕೊಂಡ. ಒಪ್ಪುವ ಸದಸ್ಯರಿಗೆ ಕೈ ಎತ್ತಲು ಹೇಳಿದರು. ಕೈಗಳು ಮೇಲೆದ್ದವು. ಕೂಡಲೇ ಬೀದಿ ದೀಪದ ವಿಷಯ ಶುರುವಾಯಿತು.

ಶಾಲೆ ಮುಚ್ಚಿತು. ಮಕ್ಕಳನ್ನು ಪೇಟೆಯ ದೊಡ್ಡ ಶಾಲೆಗೆ ಸೇರಿಸಿದರು. ಮಂಡಳಿ ಮಾತು ಕೊಟ್ಟಂತೆ ಬಸ್ಸೂ ಬಂತು, ಆದರೆ ಊರ ಹೊರಗಿನ ತಿರುವಿನವರೆಗೆ ಮಾತ್ರ. ಒಳಗಿನ ಬೀದಿಗಳ ಮಕ್ಕಳಲ್ಲಿ ಕೆಲವರು ಶಾಲೆಗೆ ಹೋಗುವುದನ್ನೇ ಬಿಟ್ಟರು. ದೊಡ್ಡ ಶಾಲೆಯಲ್ಲಿ ಅಕ್ಕನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಯಾರಾದರೂ ರಜೆ ಹಾಕಿದರೆ ಆ ತರಗತಿಯಲ್ಲಿ ಹೋಗಿ ಕೂರಬೇಕು. ಅಲ್ಲಿನ ಮಕ್ಕಳಿಗೆ ಅವಳ ಗುರುತಿರಲಿಲ್ಲ.

ಒಂದು ದಿನ ಮೇಸ್ತ್ರಿ ದಾರಿಯಲ್ಲಿ ಸಿಕ್ಕ. ತಲೆ ತಗ್ಗಿಸಿಕೊಂಡೇ ಮಾತಾಡಿದ.

"ತೆರಿಗೆ ಆಫೀಸಿಗೆ ಒಳಗಿನ ಗೋಡೆ ಒಡೀಬೇಕಂತೆ ಮೇಡಂ. ಕಾಂಟ್ರಾಕ್ಟರು ನನ್ನನ್ನೇ ಕರೆದಿದ್ದಾನೆ. ಒಪ್ಪಿಕೊಂಡೆ."

"ಒಪ್ಪಿಕೊಳ್ದೆ ಇನ್ನೇನು ಮಾಡ್ತೀರಿ? ಮಗಳು ಹೇಗಿದ್ದಾಳೆ?"

"ಮನೇಲೇ ಇದ್ದಾಳೆ. ಮುಂದಿನ ವರ್ಷ ನೋಡಬೇಕು," ಎಂದ. ನೋಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ತಂಗಿ ಬಹಳ ದಿನ ಅಕ್ಕನ ಮನೆ ಕಡೆ ಸುಳಿಯಲಿಲ್ಲ. ಕೊನೆಗೊಂದು ಭಾನುವಾರ ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಳು. ಅಕ್ಕ ಬಾಗಿಲು ತೆರೆದು "ಬಾ" ಎಂದಳು. ತಟ್ಟೆ ಹಾಕಿ ಬಡಿಸಿದಳು. ನೆಗಡಿ ವಾಸಿಯಾಯಿತೇ ಎಂದು ಕೇಳಿದಳು, ಭಾವನ ಕಾಲುನೋವಿನ ಬಗ್ಗೆ ಹೇಳಿದಳು, ಇನ್ನೊಂದಿಷ್ಟು ಅನ್ನ ಹಾಕಿದಳು. ಶಾಲೆಯ ಮಾತೆತ್ತಲು ತಂಗಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅಕ್ಕ ಎದ್ದು ನೀರು ತರಲು ಒಳಗೆ ಹೋದಳು.

ತಂಗಿ ತಟ್ಟೆ ಖಾಲಿ ಮಾಡಿ ಕೈ ತೊಳೆದಳು. "ಬರ್ತೀನಿ, ಅಕ್ಕ," ಎಂದಳು.

"ಹೂಂ. ಹುಷಾರಾಗಿ ಹೋಗು," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.